ಶೀಟು–ಗೋಡೆ ಸಂದಿಗೆ ಯಾವ ಸೀಲೆಂಟ್: ಸಿಲಿಕೋನ್, ಪಿಯು, ಹೈಬ್ರಿಡ್?

ಕುಂಬಳೆ, ಬದಿಯಡ್ಕ ಕಡೆ ಅಡಿಕೆ ಅಂಗಳಕ್ಕೆ ಶೀಟು ಹಾಕಿಸಿದವರು ಮಳೆಗಾಲಕ್ಕೆ ಮೊದಲು ಕೇಳುವ ಪ್ರಶ್ನೆ ಇದು. ವರ್ಷಕ್ಕೆ 3000 ಮಿ.ಮೀ. ಮೀರಿ ಮಳೆ ಸುರಿಯುವ ಊರಲ್ಲಿ ಸೀಲೆಂಟ್ (ಸಂದಿ ಮುಚ್ಚುವ ಅಂಟು) ಟ್ಯೂಬಿನ ಬೆಲೆಗಿಂತ ಮೊದಲು ಅಂಟುವ ಜಾಗ ನೋಡಬೇಕು.

ಅಗ್ಗದ್ದು ವಿನೆಗರ್ ವಾಸನೆಯ ಸಿಲಿಕೋನ್. ಗಾಜಿಗೆ ಒಳ್ಳೆಯದು. ಸಿಮೆಂಟ್ ಸಾರಣೆಗೆ ಹಚ್ಚಿದರೆ ಅದರ ಆಮ್ಲ ಸಾರಣೆಯ ಕ್ಷಾರದೊಡನೆ ವರ್ತಿಸಿ ಅಂಟು ಬಿಡುತ್ತದೆ. ಜಿಂಕ್ ಶೀಟಿಗೆ ತುಕ್ಕೂ ಹಿಡಿಸುತ್ತದೆ. ಶೀಟಿಗೆ ಶೀಟು ಸೇರುವಲ್ಲಿ ಆಮ್ಲ ಬಿಡದ ನ್ಯೂಟ್ರಲ್ ಸಿಲಿಕೋನ್ ಸಾಕು, ಬಿಸಿಲಿಗೆ ಮೂರರಲ್ಲಿ ಅದೇ ಗಟ್ಟಿ. ಮೇಲೆ ಪೇಂಟ್ ಮಾತ್ರ ನಿಲ್ಲದು.

ಗೋಡೆಯ ಬಿರುಕಿಗೆ, ಪೇಂಟ್ ಹೊಡೆಯುವ ಜಾಗಕ್ಕೆ ಪಿಯು (ಪಾಲಿಯುರೆಥೇನ್). ಆದರೆ ಒದ್ದೆ ಗೋಡೆಗೆ ಹಚ್ಚಿದರೆ ಒಳಗೆ ಗುಳ್ಳೆ ಎದ್ದು ಸ್ಪಂಜಿನಂತಾಗುತ್ತದೆ. ಇದರಲ್ಲಿರುವ, ಉಸಿರಿಗೆ ತೊಂದರೆ ಕೊಡಬಲ್ಲ ಡೈಐಸೊಸಯನೇಟ್ ರಾಸಾಯನಿಕ 0.1% ದಾಟಿದರೆ ಯುರೋಪಿನಲ್ಲಿ 2023ರ ಆಗಸ್ಟ್‌ನಿಂದ ಕೆಲಸಗಾರರಿಗೆ ತರಬೇತಿ ಕಡ್ಡಾಯ. ಮಾರುಕಟ್ಟೆ ಹೈಬ್ರಿಡ್ ಕಡೆ ವಾಲಲು ಇದೂ ಕಾರಣ.

ಹೈಬ್ರಿಡ್ ಎಂದರೆ ಎಂಎಸ್ ಪಾಲಿಮರ್. ಬೆಲೆ ಜಾಸ್ತಿ, ಆದರೆ ತಗಡು, ಸಾರಣೆ ಎರಡನ್ನೂ ಹಿಡಿಯುತ್ತದೆ, ತುಸು ತೇವವನ್ನೂ ತಾಳುತ್ತದೆ. ಶೀಟು ಗೋಡೆಗೆ ತಾಗುವ ಸಂದಿಗೆ ನಾವು ಹೇಳುವುದು ಇದನ್ನೇ.

ಬರಿ ಮುರಕಲ್ಲಿಗೆ ಯಾವುದೂ ನಿಲ್ಲದು, ಪುಡಿ ಉದುರುತ್ತದೆ. ತಂತಿ ಬ್ರಷ್ಷಿನಿಂದ ಉಜ್ಜಿ, ಧೂಳು ತೆಗೆದು ಪ್ರೈಮರ್ ಹಚ್ಚಿ. ಸಂದಿ ಆಳವಿದ್ದರೆ ಮೊದಲು ಫೋಮ್ ಹುರಿ ತುರುಕಿ. ಹುರಿ ಇಲ್ಲದೆ ತಳಕ್ಕೂ ಅಂಟಿದ ಸೀಲೆಂಟ್ ಶೀಟು ಹಿಗ್ಗಿ ಕುಗ್ಗುವಾಗ ಹರಿಯುತ್ತದೆ. 10 ಮಿ.ಮೀ. ಅಗಲ, 5 ಮಿ.ಮೀ. ಆಳಕ್ಕೆ 300 ಮಿ.ಲೀ. ಟ್ಯೂಬ್ 6 ಮೀಟರ್ ಬರುತ್ತದೆ.