ತಡಿಯಂಡಮೋಳ್ ಹತ್ತುವವರೇ, ನಕ್ಷೆಯ ಚುಕ್ಕೆ ಗೆರೆ ನಂಬಿ ಇನ್ನೊಂದು ಬದಿಗೆ ಇಳಿಯಬೇಡಿ

ಕೊಡಗಿನ ಕಕ್ಕಬ್ಬೆ ಕಡೆಯಿಂದ ತಡಿಯಂಡಮೋಳ್ ಬೆಟ್ಟ ಹತ್ತಿ, ಮತ್ತೊಂದು ಬದಿಯಿಂದ ಇಳಿದು ಒಂದು ಸುತ್ತು ಹಾಕಿ ಬರಬಹುದು ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಮೊಬೈಲ್ ನಕ್ಷೆಯಲ್ಲಿ ಅಂಥ ಗೆರೆ ಕಂಡರೂ ಹೋಗಬೇಡಿ. ನಾಲ್ಕುನಾಡು ಅರಮನೆಯಿಂದ ಮೇಲೆ ಹೋಗುವ ದಾರಿ ಒಂದೇ, ಇಳಿಯುವುದೂ ಅದರಲ್ಲೇ. ಕಳೆದ ಡಿಸೆಂಬರಿನ ಒಂದು ಭಾನುವಾರ ಆರು ಜನರ ತಂಡ ‘ಬಂದ ದಾರಿಯಲ್ಲೇ ಯಾಕೆ ವಾಪಸು ಹೋಗೋದು’ ಅಂತ ಹೊರಟು, ರಾತ್ರಿ ಹನ್ನೊಂದೂವರೆಯವರೆಗೆ ಒಂದು ಕೊರಕಲಿನಲ್ಲಿ ಕೂತಿತ್ತು. ಎಲ್ಲರೂ ಬದುಕಿ ಬಂದರು. ಯಾವ ಗಂಟೆಗೆ ಯಾವ ತಪ್ಪಾಯಿತು ಅನ್ನುವುದನ್ನು ಇಲ್ಲಿ ಬಿಡಿಸಿ ಬರೆದಿದೆ. ಇದೇ ತಪ್ಪನ್ನು ಈ ಸೀಸನ್ನಿನಲ್ಲಿ ಇನ್ನೂ ಎಷ್ಟೋ ಜನ ಮಾಡಬಹುದು.

ಬೆಳಗ್ಗೆ ಹೋಂಸ್ಟೇಯಲ್ಲಿ ಕಡಂಬುಟ್ಟು ತಿಂದು ಹೊರಡುವಾಗಲೇ 9 ಗಂಟೆ. ಅರಮನೆಯ ಹತ್ತಿರ ಕಾರು ನಿಲ್ಲಿಸಿ, ಒಳಗೆ ನೋಡಿಕೊಂಡು ಬರಲು ಅರ್ಧ ಗಂಟೆ. ಕೊಡಗಿನ ಅರಸ ದೊಡ್ಡವೀರರಾಜೇಂದ್ರ 1792ರ ಸುಮಾರಿಗೆ ಕಟ್ಟಿಸಿದ ಅರಮನೆ ಅದು, ನೋಡಲೇಬೇಕು. ಆದರೆ ಇಳಿದು ಬಂದ ಮೇಲೆ ನೋಡಿ. ಅರಣ್ಯ ಇಲಾಖೆಯ ಚೆಕ್‌ಪೋಸ್ಟ್ ದಾಟುವಾಗ 10.50, ತುದಿ ಮುಟ್ಟುವಾಗ 1.50. ಊಟ, ಫೋಟೊ, ಸ್ವಲ್ಪ ಅಡ್ಡಾಗಿದ್ದು ಎಲ್ಲ ಸೇರಿ ತುದಿಯಿಂದ ಎದ್ದಿದ್ದು 3 ಗಂಟೆಗೆ. ಆಗಲೂ ಹಿಂತಿರುಗಿ ಅದೇ ದಾರಿ ಹಿಡಿದಿದ್ದರೆ 5.15ರ ಒಳಗೆ ಚೆಕ್‌ಪೋಸ್ಟಿಗೆ ಬಂದಿರುತ್ತಿದ್ದರು. ತಡವಾಗಿತ್ತು, ಅಪಾಯವಾಗಿರಲಿಲ್ಲ.

ಸಮಯದ ಲೆಕ್ಕವನ್ನು ಮೊದಲು ಸರಿಮಾಡಿಕೊಳ್ಳಿ. ಬೆಟ್ಟದ ನಡಿಗೆಗೆ 1892ರಲ್ಲಿ ನೇಸ್ಮಿತ್ ಎಂಬ ಸ್ಕಾಟ್ಲೆಂಡಿನ ಬೆಟ್ಟಗಾರ ಹೇಳಿದ ಲೆಕ್ಕ ಇಂದಿಗೂ ಬಳಕೆಯಲ್ಲಿದೆ: 5 ಕಿಲೋಮೀಟರ್ ದೂರಕ್ಕೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅರಮನೆಯಿಂದ ತುದಿಗೆ ಒಂದು ಕಡೆ ಏಳು-ಎಂಟು ಕಿಲೋಮೀಟರ್, ಏರು ಸುಮಾರು 700 ಮೀಟರ್ ಅಂತ ಹಿಡಿಯಿರಿ. ಒಂದೂವರೆ ಗಂಟೆ ಮತ್ತು 1 ಗಂಟೆ 10 ನಿಮಿಷ, ಒಟ್ಟು 2 ಗಂಟೆ 40 ನಿಮಿಷ. ಆದರೆ ಇದು ಪಳಗಿದ ಕಾಲಿನವರು ನಿಲ್ಲದೆ ನಡೆದರೆ ಮಾತ್ರ. ವಾರವಿಡೀ ಕುರ್ಚಿಯಲ್ಲಿ ಕೂತು ಬರುವವರು ಇದಕ್ಕೆ ಅರ್ಧದಷ್ಟು ಸೇರಿಸಬೇಕು, ಅಂದರೆ 4 ಗಂಟೆ. ಇಳಿಯಲು ಅರ್ಧ ಹೊತ್ತು ಸಾಕು ಅನ್ನುವುದು ಸುಳ್ಳು. ಕೊನೆಯ ಏರಿನಲ್ಲಿ ಶೋಲಾ, ಅಂದರೆ ಹುಲ್ಲುಬೆಟ್ಟದ ಮಡಿಲಿನ ದಟ್ಟ ಕಾಡು, ಅದರಲ್ಲಿ ಬೇರು, ಸಡಿಲ ಮಣ್ಣು. ಅಲ್ಲಿ ಇಳಿಯುವಾಗಲೇ ಮೊಣಕಾಲು ಸೋಲುವುದು. ಅರಮನೆಯವರೆಗೆ 3 ಗಂಟೆ ಇಟ್ಟುಕೊಳ್ಳಿ.

ಈಗ ಹಿಂದಿನಿಂದ ಎಣಿಸಿ. ಡಿಸೆಂಬರ್ ನಡುವಿನಲ್ಲಿ ಕೊಡಗಿನಲ್ಲಿ ಸೂರ್ಯ ಮುಳುಗುವುದು 6.05ರ ಸುಮಾರಿಗೆ. ನಮ್ಮ ಸೀಮೆಯಲ್ಲಿ ಮುಸ್ಸಂಜೆ ಉದ್ದ ಇಲ್ಲ, ಮುಳುಗಿದ ಇಪ್ಪತ್ತೈದು ನಿಮಿಷಕ್ಕೆ ಕತ್ತಲೆ, ಕಾಡಿನೊಳಗೆ ಅದಕ್ಕೂ ಮೊದಲೇ. ಆದ್ದರಿಂದ 5 ಗಂಟೆಗೆ ಅರಮನೆಯಲ್ಲಿರಬೇಕು, 2 ಗಂಟೆಗೆ ತುದಿ ಬಿಡಬೇಕು, ಬೆಳಗ್ಗೆ 8ಕ್ಕೆ ಮುಂಚೆ ನಡೆಯಲು ಶುರುಮಾಡಬೇಕು. 1 ಗಂಟೆಯಾದರೂ ತುದಿ ಸಿಕ್ಕಿಲ್ಲ ಅಂದರೆ ಎಲ್ಲಿದ್ದೀರೋ ಅಲ್ಲಿಂದಲೇ ತಿರುಗಿ. ಹೋಂಸ್ಟೇಯವರಿಗೆ ಹಿಂದಿನ ರಾತ್ರಿಯೇ ಹೇಳಿದರೆ ಅಕ್ಕಿ ರೊಟ್ಟಿ ಕಟ್ಟಿ ಕೊಡುತ್ತಾರೆ, ತಿಂಡಿಗೆ ಕಾಯುವ ಕೆಲಸವಿಲ್ಲ.

ಇನ್ನು ಆ ಗೆರೆಯ ವಿಷಯ. ಅವರ ಫೋನಿನ ನಕ್ಷೆಯಲ್ಲಿ ತುದಿಯಿಂದ ಬೆಟ್ಟದ ಬೆನ್ನ ಮೇಲೆ ಒಂದು ಚುಕ್ಕೆ ಗೆರೆ ಹೊರಟು, ಕಾಡು ದಾಟಿ, ಕಾಫಿ ತೋಟದ ರಸ್ತೆಗೆ ಸೇರುತ್ತಿತ್ತು. ನೋಡಲು ಚೆಂದದ ಸುತ್ತು, ದೂರವೂ ಕಡಿಮೆ. ಇಂಥ ಗೆರೆಗಳನ್ನು ಯಾರು ಬೇಕಾದರೂ ಎಳೆಯಬಹುದು. ಉಪಗ್ರಹದ ಚಿತ್ರ ನೋಡಿ ಮನೆಯಲ್ಲಿ ಕೂತು ಎಳೆದದ್ದಿರಬಹುದು, ಹಳೆಯ ಏಲಕ್ಕಿ ಮಲೆಯ ದಾರಿ ಇರಬಹುದು, ದಾರಿ ತಪ್ಪಿದವನೊಬ್ಬನ ಫೋನು ದಾಖಲು ಮಾಡಿದ್ದೇ ಇರಬಹುದು. ಯಾವ ತಿಂಗಳಲ್ಲಿ ನಡೆದದ್ದು, ಹತ್ತುತ್ತಿದ್ದರೋ ಇಳಿಯುತ್ತಿದ್ದರೋ ಅನ್ನುವುದನ್ನು ಗೆರೆ ಹೇಳುವುದಿಲ್ಲ. ಎತ್ತರ ತೋರಿಸುವ ಗೆರೆಗಳೂ ಸಾಮಾನ್ಯವಾಗಿ 20 ಮೀಟರಿಗೆ ಒಂದರಂತೆ ಇರುತ್ತವೆ. 15 ಮೀಟರಿನ ಕಡಿದಾದ ಬಂಡೆ ಎರಡು ಗೆರೆಗಳ ನಡುವೆ ಕಾಣದೆ ಕೂತಿರುತ್ತದೆ. 15 ಮೀಟರ್ ಅಂದರೆ ನಾಲ್ಕಂತಸ್ತಿನ ಕಟ್ಟಡ.

ಹತ್ತುವಾಗ ದಾರಿ ತಪ್ಪುವುದು ಕಷ್ಟ, ಇಳಿಯುವಾಗ ಸುಲಭ. ಇದಕ್ಕೆ ಬೆಟ್ಟದ ಆಕಾರವೇ ಕಾರಣ. ಅಂಗೈಯನ್ನು ಮೇಜಿನ ಮೇಲೆ ಬೋರಲು ಹಾಕಿ ನೋಡಿ. ಯಾವ ಬೆರಳಿನ ತುದಿಯಿಂದ ಹೊರಟರೂ ಅಂಗೈಗೇ ಬರುತ್ತೀರಿ. ಅಂಗೈಯಿಂದ ಹೊರಟರೆ ಮಾತ್ರ ಐದು ಬೆರಳಿಗೆ ಐದು ದಿಕ್ಕು. ಬೆಟ್ಟದ ಬೆನ್ನುಗಳೂ ಹಾಗೆಯೇ. ಮೊದಲ ನೂರು ಮೀಟರಿನಲ್ಲಿ ಎರಡು ಬೆನ್ನುಗಳ ನಡುವೆ ಹತ್ತಾರು ಹೆಜ್ಜೆಯ ಅಂತರ, ಕೆಳಗೆ ಹೋದಾಗ ನಡುವೆ ಒಂದು ಇಡೀ ಕಣಿವೆ. ಈ ಸಾಲಿನ ನೆತ್ತಿಯೇ ನೀರು ಹರಿದು ಬೇರೆಯಾಗುವ ಗಡಿ: ಒಂದು ಬದಿಯ ನೀರು ಕಾವೇರಿಗೆ, ಇನ್ನೊಂದು ಬದಿಯದ್ದು ಕೇರಳದ ಕಾಡಿಗೆ.

3.10ಕ್ಕೆ ಮಂಜು ಬಂತು. ಇದು ದುರಾದೃಷ್ಟ ಅಲ್ಲ, ಇಲ್ಲಿ ಆಗಾಗ ನಡೆಯುವುದೇ. ಬೆಳಗ್ಗೆ ಆಕಾಶ ಶುಭ್ರ ಇದ್ದರೂ ಬಿಸಿಲೇರಿದ ಮೇಲೆ ಪಶ್ಚಿಮದ ಕಡಲ ಕಡೆಯ ತೇವದ ಗಾಳಿ ಘಟ್ಟ ಹತ್ತಿ ತಣ್ಣಗಾಗಿ, 1748 ಮೀಟರಿನ ಈ ತುದಿಗೆ ಮೋಡವಾಗಿ ಕೂರುತ್ತದೆ. ಹತ್ತು ನಿಮಿಷದಲ್ಲಿ ಇಪ್ಪತ್ತು ಹೆಜ್ಜೆ ಮುಂದಿನವನು ಕಾಣುವುದಿಲ್ಲ. ಆ ಮಂಜಿನಲ್ಲಿ ಅವರು ಹಿಡಿಯಬೇಕೆಂದಿದ್ದ ಬೆನ್ನು ಬಿಟ್ಟು ಪಕ್ಕದ್ದನ್ನು ಹಿಡಿದರು.

ಹುಲ್ಲಿನ ಮೇಲೆ ಒಂದು ಸವೆದ ದಾರಿ ಸಿಕ್ಕಿತು, ಎಲ್ಲರಿಗೂ ಸಮಾಧಾನ. ಅದು ಕಾಟಿಗಳ, ಅಂದರೆ ಕಾಡುಕೋಣಗಳ ದಾರಿ. ಗುರುತಿಸುವುದು ಹೀಗೆ: ಮನುಷ್ಯರ ದಾರಿ ಒಂದೋ ಹತ್ತುತ್ತದೆ, ಇಲ್ಲವೇ ಇಳಿಯುತ್ತದೆ, ಕಾಟಿ, ಕಡವೆ ನಡೆದ ದಾರಿ ಬೆಟ್ಟದ ಪಕ್ಕೆಯಲ್ಲಿ ಹೆಚ್ಚೂಕಡಿಮೆ ಮಟ್ಟಸವಾಗಿ ಸುತ್ತುತ್ತದೆ, ಕವಲೊಡೆಯುತ್ತಾ ಹೋಗಿ ಶೋಲಾದ ಅಂಚಿನಲ್ಲಿ ಕರಗಿ ಹೋಗುತ್ತದೆ. ಸೊಂಟದಿಂದ ಮೇಲಿನ ಕೊಂಬೆಗಳು ಮುರಿಯದೆ ಮುಖಕ್ಕೆ ಬಡಿಯುತ್ತಿದ್ದರೆ, ಒಂದು ಚಾಕೊಲೇಟ್ ಕಾಗದವೂ ಕಾಣದಿದ್ದರೆ ಅದು ಜನ ನಡೆಯುವ ದಾರಿಯಲ್ಲ. ನಿಲ್ಲಬೇಕಾದ ಜಾಗ ಅದೇ. ಕೊನೆಯ ಸಲ ‘ಇಲ್ಲೇ ಇದ್ದೇವೆ’ ಅಂತ ಖಾತ್ರಿ ಇದ್ದ ಜಾಗಕ್ಕೆ ವಾಪಸು ಹತ್ತಬೇಕು. ಆಗ ಗಂಟೆ 4. ಇಳಿದದ್ದು ಬರೀ 40 ನಿಮಿಷ, ವಾಪಸು ಹತ್ತಲು ಒಂದು ಗಂಟೆ ಸಾಕಿತ್ತು. ಇಳಿದದ್ದನ್ನು ಮತ್ತೆ ಹತ್ತಲು ಮನಸ್ಸು ಬರುವುದಿಲ್ಲ, ಎಲ್ಲ ಕೆಡುವುದು ಇಲ್ಲೇ.

ಅವರು ಕಾಡಿನೊಳಗೆ ಹೋದರು. ಅಲ್ಲಿ ನೀರಿನ ಸದ್ದು ಕೇಳಿತು. ‘ನೀರು ಹರಿಯುವ ಕಡೆ ಹೋದರೆ ಊರು ಸಿಗುತ್ತದೆ’ ಅನ್ನುವ ಮಾತನ್ನು ನಮ್ಮ ಘಟ್ಟದಲ್ಲಿ ಮರೆತುಬಿಡಿ. ಇಲ್ಲಿ ಹಳ್ಳಗಳು ಇಳಿಜಾರಿನಲ್ಲಿ ಹರಿಯುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಬೀಳುತ್ತವೆ. ಕಕ್ಕಬ್ಬೆಯ ಹತ್ತಿರದ ಚೇಲಾವರ ಜಲಪಾತವನ್ನು ನೋಡಿದವರಿಗೆ ಗೊತ್ತು. ಮೇಲಿನಿಂದ ಬರುವ ನೀರಿಗೆ ಅಂಚು ಎಲ್ಲಿದೆ ಅಂತ ಕಾಣುವುದೇ ಇಲ್ಲ. ಒಂದು ಮೆಟ್ಟಿಲು ಕೂತು ಜಾರಿ ಇಳಿಯುತ್ತೀರಿ, ಇನ್ನೊಂದು ಇಳಿಯುತ್ತೀರಿ, ಮೂರನೆಯದು ಇಳಿಯಲಾಗದಷ್ಟು ಎತ್ತರ. ಹಿಂದಿನ ಎರಡನ್ನು ಮತ್ತೆ ಹತ್ತಲೂ ಆಗುವುದಿಲ್ಲ. ಆಮೇಲೆ ಕೂರುವುದೊಂದೇ ಉಳಿಯುವುದು. ಹಳ್ಳದ ಕಲ್ಲು ಕಪ್ಪಾಗಿ ಹೊಳೆಯುತ್ತಿದ್ದರೆ ಅದು ಪಾಚಿ, ಸೋಪು ಸವರಿದ ಹಾಗೆ. ಒಣಗಿದಂತೆ ಕಾಣುವ ಬೂದು ಕಲ್ಲಿನ ಮೇಲೆ ಮಾತ್ರ ಕಾಲಿಡಬೇಕು.

ಅಲ್ಲೇ ಒಬ್ಬರ ಶೂ ಕೈಕೊಟ್ಟಿತು. ಎರಡು ವರ್ಷ ಅಟ್ಟದ ಮೇಲಿದ್ದ, ಹೆಚ್ಚು ಬಳಸದ ದುಬಾರಿ ಶೂ. ಹೊರಗೆ ಹೊಸದರಂತೆ ಇತ್ತು, ಆದರೆ ಅಟ್ಟೆಯ ಮೇಲಿನ ಪಾಲಿಯುರೆಥೇನ್ ಪದರ ಕೊಡಗಿನಂಥ ತೇವದ ಗಾಳಿಯಲ್ಲಿ ಬಳಸದೆ ಇಟ್ಟರೂ ಒಳಗೊಳಗೇ ಪುಡಿಯಾಗುತ್ತದೆ. ಒದ್ದೆಯಾದ ಕೂಡಲೇ ಹಿಮ್ಮಡಿಯಿಂದ ಬಾಯಿ ಬಿಟ್ಟು, ಹತ್ತು ಹೆಜ್ಜೆಗೆ ಅಟ್ಟೆ ಪೂರ್ತಿ ಕಳಚಿತು. ಹೊರಡುವ ಮೊದಲು ಶೂವನ್ನು ಎರಡೂ ಕೈಯಲ್ಲಿ ಹಿಡಿದು ಬಿಲ್ಲಿನ ಹಾಗೆ ಬಗ್ಗಿಸಿ. ಅಂಚಿನಲ್ಲಿ ಬಿರುಕು ಕಂಡರೆ, ಬೆರಳಿಗೆ ಪುಡಿ ಹತ್ತಿದರೆ ಮನೆಯಲ್ಲೇ ಬಿಡಿ. ಬ್ಯಾಗಿನಲ್ಲಿ ಎರಡು ಮೀಟರ್ ಬಟ್ಟೆಯ ಟೇಪು ಇದ್ದರೆ ಅಟ್ಟೆ ಸುತ್ತಿ ಕಟ್ಟಿಕೊಂಡು ಇಳಿಯಬಹುದು. ಅವರಲ್ಲಿ ಇರಲಿಲ್ಲ, ಅವರು ಜಾರಿ ಬಿದ್ದರು, ಕಾಲಿನ ಗಿಣ್ಣು ಉಳುಕಿತು. ನೋಡೋಣ ಅಂತ ಆ ಕಾಲಿನ ಶೂವನ್ನು ಬಿಚ್ಚಿದರು. ಉಳುಕಿದಾಗ ಶೂ ಬಿಚ್ಚಬಾರದು. ಹತ್ತು ನಿಮಿಷದಲ್ಲಿ ಊದಿಕೊಂಡು ಮತ್ತೆ ಹಾಕಲಾಗುವುದಿಲ್ಲ. ದಾರ ಸ್ವಲ್ಪ ಸಡಿಲಿಸಿ, ಶೂವಿನ ಮೇಲೆಯೇ ಕ್ರೇಪ್ ಬ್ಯಾಂಡೇಜನ್ನು ಪಾದದ ಕೆಳಗಿಂದ ಗಿಣ್ಣಿನ ಹಿಂದಕ್ಕೆ, ಇಂಗ್ಲಿಷಿನ 8ರ ಆಕಾರದಲ್ಲಿ ಸುತ್ತಬೇಕು.

ಜಿಗಣೆಯಿಂದ ಯಾರೂ ಸಾಯುವುದಿಲ್ಲ, ಆದರೆ ಹೆದರಿ ಓಡಿದವರು ಬೀಳುತ್ತಾರೆ. ಕಿತ್ತೆಳೆಯಬೇಡಿ, ಉಗುರಿನಿಂದ ಪಕ್ಕಕ್ಕೆ ಸರಿಸಿ. ಅದು ರಕ್ತ ಹೆಪ್ಪುಗಟ್ಟದಂತೆ ಮಾಡುವ ದ್ರವ ಬಿಟ್ಟಿರುತ್ತದೆ, ಹಾಗಾಗಿ ತುಂಬಾ ಹೊತ್ತು ಸುರಿಯುತ್ತದೆ. ಗಾಬರಿ ಬೇಡ.

6 ಗಂಟೆಗೆ ಆರು ಜನರ ನಡುವೆ ಒಂದೂ ಟಾರ್ಚ್ ಇರಲಿಲ್ಲ. ಫೋನುಗಳಲ್ಲಿ ನಾಲ್ಕು ಸತ್ತಿದ್ದವು. ಸಿಗ್ನಲ್ ಇಲ್ಲದ ಕಡೆ ಫೋನು ಟವರ್ ಹುಡುಕುತ್ತಲೇ ಬ್ಯಾಟರಿ ಮುಗಿಸುತ್ತದೆ. ಚೆಕ್‌ಪೋಸ್ಟಿನಲ್ಲೇ ಏರೋಪ್ಲೇನ್ ಮೋಡಿಗೆ ಹಾಕಿ. ಜಿಪಿಎಸ್‌ಗೆ ಟವರ್ ಬೇಡ, ಮೊದಲೇ ಇಳಿಸಿಕೊಂಡ ನಕ್ಷೆಯಲ್ಲಿ ಅದು ಕೆಲಸ ಮಾಡುತ್ತದೆ. ಹತ್ತುವಾಗ ನಿಮ್ಮದೇ ದಾರಿಯನ್ನು ದಾಖಲು ಮಾಡಿಕೊಳ್ಳಿ. ನಂಬಬಹುದಾದ ಗೆರೆ ಅದೊಂದೇ. ಒಬ್ಬರಿಗೊಂದು ತಲೆಗೆ ಕಟ್ಟುವ ಟಾರ್ಚ್, ಮೂರು ಲೀಟರ್ ನೀರು, ಒಆರ್‌ಎಸ್ ಎರಡು ಪೊಟ್ಟಣ, ಒಂದು ಸೀಟಿ, ದೊಡ್ಡ ಕಸದ ಚೀಲ ಒಂದು. ಚೀಲ ಯಾಕೆಂದರೆ ತಳದಲ್ಲಿ ತಲೆ ಹೋಗುವಷ್ಟು ತೂತು ಮಾಡಿ ಹಾಕಿಕೊಂಡರೆ ಗಾಳಿಯೂ ಇಬ್ಬನಿಯೂ ತಡೆಯುತ್ತದೆ. ಒದ್ದೆ ಜೀನ್ಸಿನಲ್ಲಿ ಡಿಸೆಂಬರ್ ರಾತ್ರಿ ಕೂತವರ ಹಲ್ಲು ಕಟಕಟಿಸುತ್ತಿದ್ದುದನ್ನು ಹುಡುಕಲು ಹೋದವರು ಮಾತಿಗೆ ಮುಂಚೆ ಕೇಳಿದ್ದರು.

ಅಕಸ್ಮಾತ್ ಕತ್ತಲಾದರೆ ಇಳಿಯುವುದನ್ನು ನಿಲ್ಲಿಸಿ. ಆನೆಗಳು ರಾತ್ರಿ ಕಾಡಿನ ದಾರಿ, ನೀರಿನ ಜಾಗಗಳಲ್ಲಿ ಓಡಾಡುತ್ತವೆ. ಹಳ್ಳದ ಪಕ್ಕ ಕೂರಬೇಡಿ, ಕಾಟಿ ದಾರಿಯ ಮೇಲೆ ಕೂರಬೇಡಿ. ಸಾಧ್ಯವಾದರೆ ಮೇಲೆ ಬಯಲಿನ ಬಂಡೆಯ ಮರೆಗೆ ಬನ್ನಿ. ಬೆಂಕಿ ಹಾಕಲೇಬೇಡಿ, ಒಣ ಹುಲ್ಲಿನ ಬೆಟ್ಟಕ್ಕೆ ಒಂದು ಕಿಡಿ ಸಾಕು. ಸೀಟಿಯನ್ನು ಒಂದು ನಿಮಿಷದಲ್ಲಿ ಆರು ಸಲ ಊದಿ, ಒಂದು ನಿಮಿಷ ಸುಮ್ಮನಿದ್ದು ಮತ್ತೆ ಆರು ಸಲ. ಬೆಟ್ಟದಲ್ಲಿ ಸಹಾಯ ಕೇಳುವ ಕ್ರಮ ಇದು. ಈ ತಂಡದಲ್ಲಿ ಒಬ್ಬರು ಹುಲ್ಲಿನ ಅಂಚಿನವರೆಗೆ ಹತ್ತಿ 112ಕ್ಕೆ ಮಾಡಿದ ಒಂದೇ ಕರೆ ಹೋಯಿತು. ಅರಣ್ಯ ಸಿಬ್ಬಂದಿ, ಊರಿನವರು ಹಗ್ಗ ಹಿಡಿದು ಹೋದರು. ಸಿಕ್ಕಿದ ಜಾಗ ಸರಿಯಾದ ದಾರಿಯಿಂದ ನೇರ ಅಳೆದರೆ ಒಂದೂವರೆ ಕಿಲೋಮೀಟರ್ ಕೂಡ ಇರಲಿಲ್ಲ.

ಅನುಮತಿಯ ಮಾತು ಒಂದಿದೆ. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಜನ ನುಗ್ಗಿದ ಮೇಲೆ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಬಂತು. ನಿಮ್ಮ ಟಿಕೆಟ್ ಆ ಒಂದು ದಾರಿಗೆ ಮಾತ್ರ. ಬೇರೆ ಬದಿಗೆ ಇಳಿದರೆ ಮೀಸಲು ಅರಣ್ಯದಲ್ಲಿ ಅಕ್ರಮವಾಗಿ ಹೊಕ್ಕಂತೆ, ಕೇಸಾಗುತ್ತದೆ.

ಹೊರಡುವ ಮುಂಚೆ ಹೋಂಸ್ಟೇಯವರ ಕೈಗೆ ಒಂದು ಚೀಟಿ ಕೊಡಿ: ಎಷ್ಟು ಜನ, ಯಾವ ದಾರಿ, ಕಾರಿನ ನಂಬರು, ಎಷ್ಟು ಗಂಟೆಗೆ ವಾಪಸು, ಯಾವ ಗಂಟೆ ದಾಟಿದರೆ ಫೋನು ಮಾಡಬೇಕು. ಆ ಭಾನುವಾರ ಇವರು ಯಾರಿಗೂ ಏನೂ ಹೇಳಿರಲಿಲ್ಲ. ಹುಡುಗರು ಮಡಿಕೇರಿ ಕಡೆ ಹೋಗಿರಬೇಕು ಅಂದುಕೊಂಡು ಹೋಂಸ್ಟೇಯವರು ರಾತ್ರಿ 9 ಗಂಟೆಗೆ ಗೇಟು ಹಾಕಿ ಮಲಗಿದ್ದರು.