ಸಿಂಕ್ರೊನೆಟ್ ಬಿಬಿಎಸ್: ಆರು ವರ್ಷ ಅದರ ಕಾನ್ಫಿಗ್ ಫೈಲ್‌ಗಳ ಜೊತೆ

ಮನೇಲಿ ಒಂದು ರಾಸ್ಪ್‌ಬೆರಿ ಪೈ (ಅಂಗೈ ಅಗಲದ ಪುಟ್ಟ ಕಂಪ್ಯೂಟರ್) ಮೇಲೆ ಸಿಂಕ್ರೊನೆಟ್ ಅನ್ನೋ ಬಿಬಿಎಸ್ ಸಾಫ್ಟ್‌ವೇರ್ ಹಾಕಿ ಆರು ವರ್ಷ ಆಯ್ತು, ಈಗ ಇದರ ಬಗ್ಗೆ ಧೈರ್ಯವಾಗಿ ಬರೀಬಹುದು ಅನ್ಸುತ್ತೆ. ಬಿಬಿಎಸ್ ಗೊತ್ತಿಲ್ದೋರಿಗೆ: ವೆಬ್ ಬರೋಕ್ ಮುಂಚೆ ಜನ ಮೋಡೆಮ್‌ನಲ್ಲಿ ಇನ್ನೊಬ್ಬರ ಕಂಪ್ಯೂಟರ್‌ಗೆ ಫೋನ್ ಹಚ್ಚಿ ಮೆಸೇಜ್ ಬಿಟ್ಟು ಹೋಗ್ತಿದ್ರಲ್ಲ, ಅದು. 1978ರಲ್ಲಿ ಶಿಕಾಗೋದಲ್ಲಿ ವಾರ್ಡ್ ಕ್ರಿಸ್ಟೆನ್ಸೆನ್, ರ‍್ಯಾಂಡಿ ಸ್ಯೂಸ್ ಇಬ್ರೂ ಸೇರಿ ಶುರು ಮಾಡಿದ್ದು. ಈಗ ಮೋಡೆಮ್ ಜಾಗದಲ್ಲಿ ಟೆಲ್ನೆಟ್, ಎಸ್‌ಎಸ್‌ಎಚ್ ಬಂದಿದೆ ಅಷ್ಟೆ, ಅಂದ್ರೆ ಇಂಟರ್ನೆಟ್ ಮೂಲಕ ಲಾಗಿನ್ ಆಗ್ತಾರೆ. ಸಿಂಕ್ರೊನೆಟ್ ರಾಬ್ ಸ್ವಿಂಡೆಲ್ ಅನ್ನೋರು ಬರೆದಿದ್ದು, ಜಿಪಿಎಲ್ ಅನ್ನೋ ಓಪನ್ ಸೋರ್ಸ್ ಲೈಸೆನ್ಸ್, ದುಡ್ಡು ಕೊಡ್ಬೇಕಿಲ್ಲ.

ಗೇಮ್, ಚಾಟ್, ಮೇಲ್ ಸರ್ವರ್ ಎಲ್ಲಾ ಇದೆ, ಅವೆಲ್ಲ ಚೆನ್ನಾಗೇ ಇವೆ. ನಾನು ಹೇಳ್ಬೇಕು ಅಂತಿರೋದು ಕಾನ್ಫಿಗ್ ಫೈಲ್‌ಗಳ, ಅಂದ್ರೆ ಸೆಟ್ಟಿಂಗ್ ಬರೆದಿಡೋ ಫೈಲ್‌ಗಳ ವಿಷ್ಯ, ಯಾಕಂದ್ರೆ ಸಿಸಾಪ್ (ಬಿಬಿಎಸ್ ನಡೆಸೋರು) ಆದ್ಮೇಲೆ ಮುಕ್ಕಾಲು ಪಾಲು ಕೆಲಸ ಅಲ್ಲೇ ಇರೋದು.

ನಾನು ಹಾಕಿದಾಗ ಮುಖ್ಯ ಸೆಟ್ಟಿಂಗ್ ಎಲ್ಲಾ ಸಿಎನ್‌ಎಫ್ ಅನ್ನೋ ಬೈನರಿ ಫೈಲ್‌ಗಳಲ್ಲಿ ಇರ್ತಿತ್ತು. ಎಡಿಟರ್‌ನಲ್ಲಿ ತೆಗೆದ್ರೆ ಕಸ ಕಾಣೋದು, ಏನೇ ಬದಲಾಯಿಸ್ಬೇಕಾದ್ರೂ ಎಸ್‌ಸಿಎಫ್‌ಜಿ ಅನ್ನೋ ಮೆನು ಪ್ರೋಗ್ರಾಮ್ ಒಳಗೇ ಹೋಗ್ಬೇಕು. ಆ ಪ್ರೋಗ್ರಾಮ್ ಬಗ್ಗೆ ದೂರಿಲ್ಲ, ಎಫ್1 ಒತ್ತಿದ್ರೆ ಪ್ರತಿ ಆಪ್ಷನ್‌ಗೂ ವಿವರಣೆ ಬರುತ್ತೆ, ಇಷ್ಟು ಅಕ್ಕರೆಯಿಂದ ಹೆಲ್ಪ್ ಬರೆದಿರೋ ಸಾಫ್ಟ್‌ವೇರ್ ನಾನು ಕಮ್ಮಿ ನೋಡಿದೀನಿ. ಆದ್ರೆ ಮೂರು ತಿಂಗಳ ಹಿಂದೆ ಏನು ಬದಲಾಯಿಸಿದೆ ಅಂತ ನೆನಪಿಲ್ದಿದ್ರೆ ಮುಗೀತು, ಕೇಳೋಕೆ ಯಾರೂ ಇಲ್ಲ. ಆಮೇಲೆ ಸಿಂಕ್ರೊನೆಟ್ 3.20 ಬಂತು, ಅದೆಲ್ಲಾ ಐಎನ್‌ಐ ಆಯ್ತು, ಅಂದ್ರೆ ಮಾಮೂಲಿ ಟೆಕ್ಸ್ಟ್. ಈ ಫೈಲ್‌ಗಳಿರೋ ಕಂಟ್ರೋಲ್ ಫೋಲ್ಡರನ್ನ ಪೂರ್ತಿ, ಪ್ರತಿ ಬದಲಾವಣೆನೂ ದಾಖಲು ಇಡೋ ಗಿಟ್‌ಗೆ ಹಾಕ್ದೆ. ಅವತ್ತಿಂದ ಏನೇ ಎಡವಟ್ಟಾದ್ರೂ ಮೊದಲು ಗಿಟ್ ಡಿಫ್ ನೋಡ್ತೀನಿ, ಯಾವ ಸಾಲು ಯಾವತ್ತು ಬದಲಾಯ್ತು ಅಂತ ಕಣ್ಣೆದುರೇ ಇರುತ್ತೆ. ಈ ಒಂದು ಬದಲಾವಣೆಗೇ ನಾನು ಇನ್ನೂ ಇದನ್ನ ನಡೆಸ್ತಿರೋದು. ಒಂದೇ ಒಂದು ಎಚ್ಚರ, ಆ ಫೋಲ್ಡರ್‌ನಲ್ಲಿ ಸಿಸ್ಟಮ್ ಪಾಸ್‌ವರ್ಡೂ ಇರುತ್ತೆ, ದಯವಿಟ್ಟು ಎಲ್ಲರಿಗೂ ಕಾಣೋ ಪಬ್ಲಿಕ್ ರೆಪೊಗೆ ತಳ್ಳಬೇಡಿ.

ಟೆಕ್ಸ್ಟ್ ಆಯ್ತು ಅಂತ ಎಲ್ಲಾನೂ ಕೈಯಲ್ಲೇ ತಿದ್ದಬಹುದು ಅಂತಲ್ಲ, ಅದನ್ನ ನಾನು ಕಷ್ಟಪಟ್ಟು ಕಲಿತೆ. ಪ್ರತಿ ಮೆಸೇಜ್ ಬೋರ್ಡಿಗೂ ಒಂದು ಇಂಟರ್ನಲ್ ಕೋಡ್ ಇರುತ್ತೆ, ಹೆಸರು ಅಚ್ಚುಕಟ್ಟಾಗಿ ಇರ್ಲಿ ಅಂತ ಒಂದು ರಾತ್ರಿ ಕೂತು ನಾಲ್ಕು ಬೋರ್ಡಿನ ಕೋಡ್‌ಗಳನ್ನ ಐಎನ್‌ಐ ಫೈಲ್‌ನಲ್ಲೇ ಬದಲಾಯಿಸಿ ಸೇವ್ ಮಾಡಿ ಮಲಗ್ದೆ. ಬೆಳಿಗ್ಗೆ ಲಾಗಿನ್ ಆದ್ರೆ ನಾಲ್ಕೂ ಖಾಲಿ. ವರ್ಷಗಟ್ಲೆ ಮೆಸೇಜು, ಒಂದೂ ಇಲ್ಲ. ಎದೆ ಧಸಕ್ ಅಂತು. ಆಮೇಲೆ ಡೇಟಾ ಫೋಲ್ಡರ್ ಒಳಗೆ ಸಬ್ಸ್ ಅನ್ನೋ ಫೋಲ್ಡರ್ ತೆಗೆದು ನೋಡಿದ್ರೆ ಹಳೇ ಹೆಸರಲ್ಲಿ ಫೈಲ್‌ಗಳು ಎಲ್ಲಾ ಹಾಗೇ ಕೂತಿದ್ವು: ಹೆಡರ್‌ಗೊಂದು, ಟೆಕ್ಸ್ಟ್‌ಗೊಂದು, ಇಂಡೆಕ್ಸ್‌ಗೊಂದು. ಆ ಕೋಡೇ ಫೈಲಿನ ಹೆಸರು, ಕೋಡ್ ಬದಲಾದ್ರೆ ಸಿಂಕ್ರೊನೆಟ್ ಹೊಸ ಹೆಸರಿನ ಫೈಲ್ ಹುಡುಕುತ್ತೆ, ಸಿಗಲ್ಲ, ಖಾಲಿ ಬೋರ್ಡ್ ಅನ್ಕೊಳ್ಳುತ್ತೆ. ಗಿಟ್‌ನಲ್ಲಿ ಹಳೇ ಸಾಲು ವಾಪಸ್ ತಂದೆ, ಎರಡು ನಿಮಿಷದಲ್ಲಿ ಎಲ್ಲಾ ಮೆಸೇಜ್ ಬಂತು. ಬೈನರಿ ಕಾಲದಲ್ಲಿ ಆಗಿದ್ರೆ ಹಳೇ ಕೋಡ್ ಏನಿತ್ತು ಅಂತ ಫೈಲ್ ಹೆಸರು ನೋಡಿ ಒಂದೊಂದಾಗಿ ಊಹಿಸ್ಬೇಕಿತ್ತು.

ಫಿಡೋನೆಟ್‌ಗೆ (ಬಿಬಿಎಸ್‌ಗಳು ಒಂದಕ್ಕೊಂದು ಮೆಸೇಜ್ ಸಾಗಿಸೋ ಜಾಲ) ಸೇರೋ ಆಸೆ ಇರೋರು ಆ ಕೆಲಸ ನೋಡ್ಕೊಳ್ಳೋ ಎಸ್‌ಬಿಬಿಎಸ್‌ಎಕೋ ಪ್ರೋಗ್ರಾಮ್‌ನ ಐಎನ್‌ಐ ಫೈಲ್‌ಗೆ ಒಂದು ಭಾನುವಾರ ಪೂರ್ತಿ ಎತ್ತಿಡಿ. ಅಲ್ಲಿ ಒಂದೇ ಹಬ್‌ಗೆ (ನಮಗೆ ಮೇಲ್ ತಲುಪಿಸೋ ಬಿಬಿಎಸ್) ಕನೆಕ್ಷನ್‌ನ ಸೆಷನ್ ಪಾಸ್‌ವರ್ಡ್ ಬೇರೆ, ಮೇಲ್ ಕಟ್ಟಿನ ಪ್ಯಾಕೆಟ್ ಪಾಸ್‌ವರ್ಡ್ ಬೇರೆ, ಯಾವ ಬೋರ್ಡ್ ಬೇಕು ಅಂತ ಹಬ್‌ಗೆ ಕೇಳೋ ಏರಿಯಾಫಿಕ್ಸ್‌ಗೆ ಇನ್ನೊಂದು. ಪ್ಯಾಕೆಟ್ ಪಾಸ್‌ವರ್ಡ್ 8 ಅಕ್ಷರ ದಾಟೋ ಹಾಗಿಲ್ಲ, ಫಿಡೋನೆಟ್ ಪ್ಯಾಕೆಟ್ ಹೆಡರ್‌ನಲ್ಲಿ ಅದಕ್ಕೆ ಇರೋ ಜಾಗಾನೇ 8 ಬೈಟ್, 80ರ ದಶಕದ ಲೆಕ್ಕ. ನಾನು ಇವತ್ತಿನ ಅಭ್ಯಾಸದಲ್ಲಿ ಉದ್ದದ್ದೊಂದು ಕೊಟ್ಟು ಒಂದು ವಾರ ಒದ್ದಾಡಿದೀನಿ, ಕನೆಕ್ಷನ್ ಆಗ್ತಿತ್ತು, ಮೇಲ್ ಮಾತ್ರ ಒಳಗೆ ಬರ್ತಿರ್ಲಿಲ್ಲ.

ಇಷ್ಟ ಆಗಿರೋ ಇನ್ನೊಂದು ಸಣ್ಣ ವಿಷ್ಯ: ಸೆಟ್ಟಿಂಗ್ ಬದಲಾಯಿಸಿದ್ಮೇಲೆ ಪ್ರೋಗ್ರಾಮ್ ನಿಲ್ಸಿ ಮತ್ತೆ ಶುರು ಮಾಡೋ ಗೋಜಿಲ್ಲ. ಕಂಟ್ರೋಲ್ ಫೋಲ್ಡರ್‌ನಲ್ಲಿ ರೀಸೈಕಲ್ ಅನ್ನೋ ಹೆಸರಿನ ಖಾಲಿ ಫೈಲ್ ಒಂದನ್ನ ಟಚ್ ಕಮಾಂಡ್‌ನಿಂದ ಮಾಡಿಟ್ರೆ ಸಾಕು, ಒಳಗಿರೋರು ಹೊರಡೋವರೆಗೂ ಕಾದು ಆಮೇಲೆ ಹೊಸ ಸೆಟ್ಟಿಂಗ್ ಓದ್ಕೊಳ್ಳುತ್ತೆ. ನನ್ನ ಬೋರ್ಡಿಗೆ ದಿನಕ್ಕೆ ನಾಕೈದು ಜನ ಬರೋದು, ಬರೀತಾ ಕೂತಿರೋರನ್ನ ಅರ್ಧಕ್ಕೆ ಎಬ್ಬಿಸೋ ಪ್ರಸಂಗ ಬರಲ್ಲ.

ಬೇಜಾರಿನ ವಿಷ್ಯ ಕನ್ನಡದ್ದು. ಮೆನು ಫೈಲ್‌ಗಳು ಹಳೇ ಐಬಿಎಂ ಪಿಸಿಯ ಸಿಪಿ437 ಅಕ್ಷರಗಳಲ್ಲಿ ಇರ್ತವೆ, ಈಗಿನ ಎಡಿಟರ್ ಅದನ್ನ ಸದ್ದಿಲ್ಲದೆ ಯುಟಿಎಫ್-8 (ಈಗ ಎಲ್ಲಾ ಭಾಷೆಗೂ ಬಳಸೋ ಎನ್ಕೋಡಿಂಗ್) ಮಾಡಿ ಸೇವ್ ಮಾಡಿದ್ರೆ ಬಾರ್ಡರ್ ಗೆರೆಗಳೆಲ್ಲಾ ಚಿಂದಿ, ಹಾಗಾಗಿ ತೆಗೆಯೋವಾಗ್ಲೇ ಎನ್ಕೋಡಿಂಗ್ ನೋಡ್ಕೊಳ್ಳಿ. ಸಿಪಿ437ರಲ್ಲಿ ಇರೋದು 256 ಚಿಹ್ನೆ, ಅದರಲ್ಲಿ ಕನ್ನಡ ಇಲ್ಲ. ಯುಟಿಎಫ್-8 ಟರ್ಮಿನಲ್‌ನಿಂದ ಬಂದ್ರೆ ಸಿಂಕ್ರೊನೆಟ್ ಗುರುತು ಹಿಡಿಯುತ್ತೆ, ಅವಾಗ ಕನ್ನಡ ಬರುತ್ತೆ, ಆದ್ರೆ ಒತ್ತಕ್ಷರ ಬಂದ ಕಡೆ ಕಾಲಂ ಲೆಕ್ಕ ತಪ್ಪುತ್ತೆ. 'ಸ್ವಾಗತ' ಅಂತ ಬಾಕ್ಸ್ ಒಳಗೆ ಹಾಕಿದ್ರೆ ಬಲಗಡೆ ಗೆರೆ ಪಕ್ಕಕ್ಕೆ ಸರಿಯುತ್ತೆ. ಇದು ಸಿಂಕ್ರೊನೆಟ್‌ನ ತಪ್ಪಲ್ಲ, ಟರ್ಮಿನಲ್‌ಗಳೇ ನಮ್ಮ ಲಿಪಿನ ಇನ್ನೂ ಸರಿಯಾಗಿ ಅಳೀತಿಲ್ಲ. ಸದ್ಯಕ್ಕೆ ನಾನು ಬಾಕ್ಸ್ ತೆಗೆದು ಹಾಕಿ ಸ್ವಾಗತದ ಸಾಲನ್ನ ಪರದೆಯ ಕೊನೇಲಿ ಒಂಟಿಯಾಗಿ ಬಿಟ್ಟಿದೀನಿ, ಅದರ ಬಲಕ್ಕೆ ಏನೂ ಇಲ್ಲ, ಸರಿಯೋಕೆ ಗೆರೇನೂ ಇಲ್ಲ.