ಎರಾಕ್ತಸ್ ಜಾಲತಾಣ: ಐರ್ಲೆಂಡ್ ಸಂಸತ್ತಿನ ನಡವಳಿಯನ್ನು ಮುಂಬೈಯಲ್ಲಿ ಕೂತು ಓದುವವರಿಗೆ

ಐರ್ಲೆಂಡಿನ ಕೆಳಮನೆಗೆ ಮೊದಲ ಮಹಿಳಾ ಸಭಾಧ್ಯಕ್ಷರು ಬಂದದ್ದು 2024ರ ಡಿಸೆಂಬರ್ 18ರಂದು. ವೆಕ್ಸ್‌ಫರ್ಡ್ ಕ್ಷೇತ್ರದ ಪಕ್ಷೇತರ ಸದಸ್ಯೆ ವೆರೋನಾ ಮರ್ಫಿ ಆ ಪೀಠ ಏರಿದರು. ನಮ್ಮ ಕರ್ನಾಟಕ ವಿಧಾನಸಭೆಯಲ್ಲಿ ಕೆ.ಎಸ್. ನಾಗರತ್ನಮ್ಮ 1972ರಲ್ಲೇ ಆ ಜಾಗದಲ್ಲಿ ಕೂತಿದ್ದರು, ಲೋಕಸಭೆಯಲ್ಲಿ ಮೀರಾ ಕುಮಾರ್ 2009ರಲ್ಲಿ. ಅಷ್ಟು ತಡವಾಗಿ ಬಂದ ದೇಶದಿಂದ ನಾವು ಕಲಿಯುವುದೇನಿದೆ ಎಂದು ಕೇಳುವವರಿದ್ದಾರೆ. ಕಲಿಯುವುದು ಬಹಳ ಇದೆ, ಏಕೆಂದರೆ ಅಲ್ಲಿ ಪೀಠದ ಮೇಲಿನ ಹೆಂಗಸು ಏನು ಹೇಳಿದರು, ಯಾವ ಗಳಿಗೆಯಲ್ಲಿ ಹೇಳಿದರು, ಅದಕ್ಕೆ ಸದನ ಏನಂದಿತು ಎಂಬುದನ್ನು ಅಲ್ಲಿನ ಸಂಸತ್ತಿನ ಎರಾಕ್ತಸ್ ಜಾಲತಾಣದಲ್ಲಿ ದುಡ್ಡು ಕೊಡದೆ, ಲಾಗಿನ್ ಇಲ್ಲದೆ ಯಾರು ಬೇಕಾದರೂ ನೋಡಬಹುದು. ಮಹಿಳೆಯರಿಗೆ ಸ್ಥಾನ ಮೀಸಲಿಡುವ ಸಂವಿಧಾನದ 106ನೇ ತಿದ್ದುಪಡಿ 2023ರಲ್ಲಿ ಬಂದ ಮೇಲೆ ಮುಂಬೈಯ ಮಾಟುಂಗದಿಂದ ಡೊಂಬಿವಲಿವರೆಗೆ ಮಹಿಳಾ ಮೀಸಲಾತಿಯ ಬಗ್ಗೆ ಭಾಷಣ, ಚರ್ಚಾಸ್ಪರ್ಧೆಗೆ ತಯಾರಾಗುವ ಕನ್ನಡಿಗರಿಗೆ ಈ ಜಾಲತಾಣ ದೊಡ್ಡ ಆಸರೆ. ಆದರೆ ಬಳಸುವ ಬಗೆ ಗೊತ್ತಿರಬೇಕು.

ಮೊದಲ ತೊಡಕು ಹೆಸರಿನದೇ. ಕೇಳಿದಂತೆ ಟೈಪ್ ಮಾಡಿದರೆ ಸಿಗುವುದಿಲ್ಲ. ‘ಎರಾಕ್ತಸ್’ ಎಂದು ಉಚ್ಚರಿಸುವ ಪದದ ಅಕ್ಷರಗಳು ಒ, ಐ, ಆರ್, ಇ, ಎ, ಸಿ, ಎಚ್, ಟಿ, ಎ, ಎಸ್. ಕೊನೆಗೆ ಡಾಟ್ ಐಇ. ಎರಾಕ್ತಸ್ ಅಂದರೆ ಇಡೀ ಸಂಸತ್ತು. ಅದರ ಕೆಳಮನೆ ‘ಡಾಲ್’, 174 ಸ್ಥಾನ. ಮೇಲ್ಮನೆ ‘ಶ್ಯಾನಡ್’, 60 ಸ್ಥಾನ. ಡಾಲ್‌ನ ಸಭಾಧ್ಯಕ್ಷರಿಗೆ ‘ಕ್ಯಾನ್ ಕೋರ್ಲೆ’ ಎನ್ನುತ್ತಾರೆ, ಪ್ರಧಾನಿಗೆ ‘ಟೀಶಕ್’, ಉಪಪ್ರಧಾನಿಗೆ ‘ಟಾನಿಷ್ಟೆ’. ಈ ಐದಾರು ಪದ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಅರ್ಧ ಕೆಲಸ ಮುಗಿಯಿತು.

ಎರಡನೆಯ ತೊಡಕು ಇದಕ್ಕಿಂತ ಆಳದ್ದು. ನಡವಳಿಯಲ್ಲಿ ಸಭಾಧ್ಯಕ್ಷರ ಮಾತು ಅವರ ಹೆಸರಿಗಿಂತ ಹುದ್ದೆಯ ಹೆಸರಿನಲ್ಲಿ ದಾಖಲಾಗುತ್ತದೆ. ‘ಕ್ಯಾನ್ ಕೋರ್ಲೆ’ ಎಂಬ ಪದಕ್ಕೆ ಹೆಣ್ಣು-ಗಂಡಿನ ಭೇದವಿಲ್ಲ. ದಿಲ್ಲಿಯಲ್ಲಿ ಮೀರಾ ಕುಮಾರ್, ಸುಮಿತ್ರಾ ಮಹಾಜನ್ ಕಾಲದ ಕಲಾಪದಲ್ಲಿ ‘ಅಧ್ಯಕ್ಷ ಮಹೋದಯಾ’ ಎಂಬ ಸಂಬೋಧನೆಯೇ ಗುರುತು ಕೊಡುತ್ತದೆ. ಡಬ್ಲಿನ್ನಿನಲ್ಲಿ ಆ ಗುರುತಿಲ್ಲ. ಕನ್ನಡದ ‘ಸಭಾಧ್ಯಕ್ಷರೇ’ ಇದ್ದ ಹಾಗೆ. 2024ರ ನವೆಂಬರ್ ತನಕ ಪುಟದಲ್ಲಿ ಇದ್ದ ಅದೇ ಪದ ಡಿಸೆಂಬರ್ ನಂತರವೂ ಅದೇ ಜಾಗದಲ್ಲಿದೆ, ಕೂತವರು ಮಾತ್ರ ಬೇರೆ. ಹಾಗಾಗಿ ವ್ಯಕ್ತಿಯ ಹೆಸರು ಹಾಕಿ ಹುಡುಕಿದರೆ ಪೀಠದಿಂದ ಆಡಿದ ಮಾತು ತಪ್ಪಿಹೋಗುವ ಸಂಭವ ಹೆಚ್ಚು. ತಾರೀಖು ಹಿಡಿದು ಹುಡುಕಬೇಕು. ಮೇಲ್ಮನೆಗೂ ಇದೇ ಮಾತು: ಟ್ರಾಸ್ ಹೋನನ್ 1982ರಲ್ಲಿ ಶ್ಯಾನಡ್‌ನ ಮೊದಲ ಮಹಿಳಾ ಅಧ್ಯಕ್ಷೆಯಾದರು, 1987ರಿಂದ 1989ರವರೆಗೆ ಮತ್ತೊಮ್ಮೆ. ಆ ವರ್ಷಗಳು ಗೊತ್ತಿಲ್ಲದೆ ಪುಟ ತಿರುವಿದರೆ ಅವರು ಕಣ್ಣಿಗೆ ಬೀಳುವುದೇ ಇಲ್ಲ.

ಹುಡುಕುವಾಗ ಇನ್ನೊಂದು ಎಚ್ಚರ. ಐರಿಷ್ ಭಾಷೆಯಲ್ಲಿ ಪದದ ಮೊದಲ ಅಕ್ಷರ ಸಂದರ್ಭಕ್ಕೆ ತಕ್ಕಂತೆ ಮೆದುವಾಗುತ್ತದೆ, ಆಗ ‘ಕ್ಯಾನ್’ ಪದದ ಮೊದಲ ಸಿ ಪಕ್ಕ ಒಂದು ಎಚ್ ಸೇರುತ್ತದೆ (Ceann, Cheann). ಉಪಸಭಾಧ್ಯಕ್ಷರ ಹುದ್ದೆಯ ಹೆಸರಿನಲ್ಲಿ ಆ ಎಚ್ ಯಾವಾಗಲೂ ಇದೆ. 2020ರ ಜುಲೈಯಲ್ಲಿ ಆ ಹುದ್ದೆಗೆ ಬಂದ ಮೊದಲ ಮಹಿಳೆ ಕ್ಯಾಥರೀನ್ ಕೊನಲಿ. ಅವರೇ 2025ರಲ್ಲಿ ರಾಷ್ಟ್ರಾಧ್ಯಕ್ಷೆಯಾದರು. ಅವರು ಪೀಠದಲ್ಲಿದ್ದ ಅವಧಿಯನ್ನು ಹುಡುಕುವವರು ಎಚ್ ಇರುವ, ಇಲ್ಲದಿರುವ ಎರಡೂ ಕಾಗುಣಿತ ಹಾಕಿ ನೋಡಬೇಕು.

ಇನ್ನು ಓದುವ ವಿಷಯ. ಮೊದಲು 2024ರ ಡಿಸೆಂಬರ್ 18ರ ಪುಟ ತೆರೆಯಿರಿ. ಸಭಾಧ್ಯಕ್ಷರ ಆಯ್ಕೆ ನಡೆಸುವ, ನಮ್ಮಲ್ಲಿ ಹಂಗಾಮಿ ಸ್ಪೀಕರ್ ಮಾಡುವ ಕೆಲಸವನ್ನು ಅಲ್ಲಿ ಸದನದ ಕಾರ್ಯದರ್ಶಿ ಮಾಡುತ್ತಾರೆ. ಮರ್ಫಿ ಜೊತೆ ಕಣದಲ್ಲಿ ಹಿಂದಿನ ಸಭಾಧ್ಯಕ್ಷ ಶಾನ್ ಓ ಫಾರೀಲ್, ಜಾನ್ ಮೆಕ್‌ಗಿನೆಸ್, ಏಂಗಸ್ ಓ ಸ್ನೋಡಿ ಇದ್ದರು. ಮತದಾನ ಗುಪ್ತ, ಒಂದು, ಎರಡು, ಮೂರು ಎಂದು ಆಯ್ಕೆಯ ಕ್ರಮ ಬರೆಯುವ ಪದ್ಧತಿ. 2016ರಿಂದ ಗುಪ್ತಮತ ಬಂದದ್ದೇ ಪಕ್ಷದ ವಿಪ್‌ನ ಕಣ್ಣು ತಪ್ಪಿಸಲು. ಆದರೆ ಗುಪ್ತಮತ ಅಂದಮಾತ್ರಕ್ಕೆ ರಾಜಕೀಯ ಇಲ್ಲವೆಂದಲ್ಲ. ಆಗ ಸರ್ಕಾರ ರಚನೆಯ ಮಾತುಕತೆ ನಡೆದಿತ್ತು. ಮರ್ಫಿ ಪಕ್ಷೇತರರ ಒಂದು ಗುಂಪಿನವರು, ದೊಡ್ಡ ಪಕ್ಷಗಳಿಗೆ ಆ ಗುಂಪಿನ ಬೆಂಬಲ ಬೇಕಿತ್ತು. ಈ ಹಿನ್ನೆಲೆ ನಡವಳಿಯಲ್ಲಿ ಬರೆದಿರುವುದಿಲ್ಲ. ಪಕ್ಕದಲ್ಲಿ ಆ ವಾರದ ಐರಿಷ್ ಪತ್ರಿಕೆ ಇಟ್ಟುಕೊಂಡೇ ಓದಬೇಕು.

ಏಕೆಂದರೆ ಮುಂದಿನ ಗದ್ದಲ ಅಲ್ಲಿಂದಲೇ ಹುಟ್ಟಿತು. ಅದೇ ಗುಂಪಿನ ಕೆಲವರು ಸರ್ಕಾರವನ್ನು ಬೆಂಬಲಿಸುತ್ತಲೇ ವಿರೋಧಪಕ್ಷದ ಮಾತಿನ ಸಮಯವನ್ನೂ ಕೇಳಿದರು. 2025ರ ಜನವರಿ 22ರಂದು ಈ ಜಗಳಕ್ಕೆ ಸದನ ನಿಂತುಹೋಗಿ ಟೀಶಕ್ ಆಯ್ಕೆ ಮರುದಿನಕ್ಕೆ ಹೋಯಿತು. ಮಾರ್ಚ್ 25ರಂದು ಮಾತಿನ ಸಮಯದ ನಿಯಮ ಬದಲಾವಣೆ ಮತಕ್ಕೆ ಬಂದಾಗ ಮತ್ತೆ ಕೂಗಾಟ. ಸಭಾಧ್ಯಕ್ಷರು ಪಕ್ಷಪಾತ ಮಾಡಿದರೆಂದು ವಿರೋಧಪಕ್ಷಗಳು ಆರೋಪಿಸಿದವು, ಏಪ್ರಿಲ್ 1ರಂದು ಅವರ ಮೇಲೆ ವಿಶ್ವಾಸಮತ. ಪರವಾಗಿ 96, ವಿರುದ್ಧ 71. ಈ ಮೂರು ದಿನಗಳನ್ನು ಬರಿಯ ಪಠ್ಯದಲ್ಲಿ ಓದಿ ತೀರ್ಪು ಕೊಡಬೇಡಿ. ನಾಲ್ಕಾರು ಜನ ಒಟ್ಟಿಗೆ ಕೂಗಿದ್ದು ಅಕ್ಷರದಲ್ಲಿ ಒಂದು ಸಾಲಾಗಿ ತಣ್ಣಗಾಗುತ್ತದೆ. ಪೀಠದಲ್ಲಿದ್ದವರ ದನಿ ಎಷ್ಟು ಏರಿತು, ಎಷ್ಟು ಸಲ ಹೇಳಿದ್ದನ್ನೇ ಹೇಳಬೇಕಾಯಿತು ಎಂಬುದು ವಿಡಿಯೊದಲ್ಲಿ ಮಾತ್ರ ಗೊತ್ತಾಗುತ್ತದೆ. ಎಡಕ್ಕೆ ಪಠ್ಯ, ಬಲಕ್ಕೆ ವಿಡಿಯೊ ಇಟ್ಟು ಹತ್ತು ನಿಮಿಷ ನೋಡಿದರೆ, ಹೊಸದಾಗಿ ಪೀಠ ಏರಿದವರ ಅಧಿಕಾರವನ್ನು ಸದನ ಹೇಗೆ ಪರೀಕ್ಷಿಸುತ್ತದೆ ಎಂಬುದು ನೂರು ಲೇಖನಕ್ಕಿಂತ ಚೆನ್ನಾಗಿ ಕಾಣುತ್ತದೆ. ಪಕ್ಷಪಾತದ ಆರೋಪ ಸರಿಯೋ ತಪ್ಪೋ ಎಂದು ನೋಡುವವರೇ ತೀರ್ಮಾನಿಸಬೇಕು. ಹೆಣ್ಣು ಎಂಬ ಕಾರಣಕ್ಕೆ ಆ ಪ್ರಶ್ನೆಯನ್ನೇ ತಳ್ಳಿಹಾಕುವುದೂ ಸಲ್ಲ, ಅದೇ ಕಾರಣಕ್ಕೆ ದೊಡ್ಡದು ಮಾಡುವುದೂ ಸಲ್ಲ.

ಮತದ ಪಟ್ಟಿ ಓದುವುದು ಸುಲಭ. ‘ಟಾ’ ಅಂದರೆ ಪರ, ‘ನೀಲ್’ ಅಂದರೆ ವಿರುದ್ಧ, ‘ಸ್ಟೀನ್’ ಅಂದರೆ ತಟಸ್ಥ. ಸಭಾಧ್ಯಕ್ಷರ ಹೆಸರು ಆ ಪಟ್ಟಿಗಳಲ್ಲಿ ಇಲ್ಲವಲ್ಲ ಎಂದು ಗಾಬರಿ ಬೇಡ. ಎರಡೂ ಕಡೆ ಸಮ ಬಂದಾಗ ಮಾತ್ರ ಅವರಿಗೆ ನಿರ್ಣಾಯಕ ಮತ. ಮುಂದಿನ ಚುನಾವಣೆಯಲ್ಲಿ ಸ್ಪರ್ಧೆಯಿಲ್ಲದೆ ಸದಸ್ಯತ್ವ ಉಳಿಯುವ ಸೌಲಭ್ಯವೂ ಸಂವಿಧಾನದಲ್ಲೇ ಇದೆ.

ನೇರಪ್ರಸಾರ ನೋಡುವವರಿಗೆ ಸಮಯ ಅನುಕೂಲವಾಗಿದೆ. ಪಕ್ಷನಾಯಕರ ಪ್ರಶ್ನೋತ್ತರ ಸಾಮಾನ್ಯವಾಗಿ ಅಲ್ಲಿನ ಮಂಗಳವಾರ ಮಧ್ಯಾಹ್ನ 2ಕ್ಕೆ, ಬುಧವಾರ ಮತ್ತು ಗುರುವಾರ 12ಕ್ಕೆ. ಅವರ ಬೇಸಗೆಯಲ್ಲಿ ನಾವು ನಾಲ್ಕೂವರೆ ಗಂಟೆ ಮುಂದೆ, ಚಳಿಗಾಲದಲ್ಲಿ ಐದೂವರೆ. ಅಂದರೆ ಮಂಗಳವಾರದ್ದು ಮುಂಬೈಯಲ್ಲಿ ಸಂಜೆ 6.30 ಅಥವಾ 7.30. ಮಾರ್ಚ್ ಮತ್ತು ಅಕ್ಟೋಬರ್ ಕೊನೆಯ ಭಾನುವಾರ ಅವರ ಗಡಿಯಾರ ಬದಲಾಗುತ್ತದೆ, ಆ ವಾರ ಜನ ತಪ್ಪುವುದೇ ಇಲ್ಲಿ. ಆ ಹೊತ್ತಿಗೆ ಲೋಕಲ್‌ನಲ್ಲಿರುವವರು ವಿಡಿಯೊ ನಂಬಬೇಡಿ, ದಾರಿಯಲ್ಲಿ ಸಿಗ್ನಲ್ ಹೋಗಬಹುದು. ಹಿಂದಿನ ದಿನದ ನಡವಳಿಯ ಪಿಡಿಎಫ್ ಇಳಿಸಿಕೊಂಡು ಹೊರಡುವುದು ಒಳ್ಳೆಯದು.

ಬ್ರೌಸರಿನಲ್ಲಿ ಕನ್ನಡಕ್ಕೆ ಅನುವಾದ ಮಾಡಿ ಓದುವವರು ಮೂರು ಪದ ಗಮನಿಸಿ. ಪೀಠ ಎಂಬ ಅರ್ಥದ ‘ಚೇರ್’ ಕುರ್ಚಿಯಾಗಬಹುದು, ಸದನ ಎಂಬ ‘ಹೌಸ್’ ಮನೆಯಾಗಬಹುದು, ಮತ ಎಣಿಕೆ ಎಂಬ ‘ಡಿವಿಷನ್’ ವಿಭಾಗವಾಗಬಹುದು. ಭಾಷಣಕ್ಕೆ ಉಲ್ಲೇಖ ತೆಗೆಯುವಾಗ ಇಂಗ್ಲಿಷ್ ಮೂಲವನ್ನೇ ನೋಡಿ ಕನ್ನಡ ಮಾಡಿಕೊಳ್ಳಿ.

ಅಂಕಿಗಳಿಗಾಗಿ ಬರುವವರೇ ಹೆಚ್ಚು. 2011ರಲ್ಲಿ ಡಾಲ್‌ಗೆ ಗೆದ್ದ ಮಹಿಳೆಯರು 25, ಒಟ್ಟು ಸ್ಥಾನ 166. 2016ರಲ್ಲಿ 158ಕ್ಕೆ 35, 2020ರಲ್ಲಿ 160ಕ್ಕೆ 36, 2024ರಲ್ಲಿ 174ಕ್ಕೆ 44. 2011 ಮತ್ತು 2016ರ ನಡುವಿನ ಜಿಗಿತದ ಹಿಂದೆ 2012ರ ಕಾನೂನಿದೆ. ನಮ್ಮಲ್ಲಿ ಮೀಸಲಾತಿ ಸ್ಥಾನಕ್ಕೆ, ಅಲ್ಲಿ ಟಿಕೆಟ್‌ಗೆ: ಪಕ್ಷದ ಅಭ್ಯರ್ಥಿಗಳಲ್ಲಿ ಹೆಣ್ಣು, ಗಂಡು ಎರಡೂ ಕನಿಷ್ಠ ಶೇ. 30 ಇರಬೇಕು, ಇಲ್ಲದಿದ್ದರೆ ಪಕ್ಷಕ್ಕೆ ಸರ್ಕಾರ ಕೊಡುವ ಹಣ ಅರ್ಧಕ್ಕೆ ಕಡಿತ. 2023ರಿಂದ ಅದು ಶೇ. 40. ಟಿಕೆಟ್ ಸಿಕ್ಕಿದ್ದು ಮಂತ್ರಿ ಸ್ಥಾನದವರೆಗೆ ಮುಟ್ಟುತ್ತದೆಂಬ ಖಾತರಿಯಿಲ್ಲ. 2025ರ ಜನವರಿಯಲ್ಲಿ ರಚನೆಯಾದ ಸಂಪುಟದ 15 ಮಂದಿಯಲ್ಲಿ ಮಹಿಳೆಯರು ಮೂವರೇ.

ಸಮಯವಿದ್ದರೆ ಹಳೆಯ ಕಡತಕ್ಕೂ ಹೋಗಿ, 1919ರ ಜನವರಿ 21ರ ಮೊದಲ ಸಭೆಯಿಂದಲೇ ನಡವಳಿ ಸಿಗುತ್ತದೆ. ಅಂದು ಸದಸ್ಯರ ಹಾಜರಿ ಕೂಗಿದಾಗ ಜೈಲಿನಲ್ಲಿದ್ದವರ ಹೆಸರಿಗೆ ಬಂದ ಉತ್ತರ ಐರಿಷ್‌ನಲ್ಲಿದೆ. ‘ಪರಕೀಯರ ಸೆರೆಯಲ್ಲಿದ್ದಾರೆ’ ಎಂದು ಅದರ ಅರ್ಥ. ಹಾಗೆ ಸೆರೆಯಲ್ಲಿದ್ದವರಲ್ಲಿ ಆ ಸಭೆಗೆ ಆಯ್ಕೆಯಾಗಿದ್ದ ಒಬ್ಬಳೇ ಹೆಂಗಸು ಕಾನ್‌ಸ್ಟನ್ಸ್ ಮಾರ್ಕಿಯೆವಿಚ್ ಕೂಡ ಇದ್ದರು, ಲಂಡನ್ನಿನ ಹಾಲೊವೇ ಜೈಲಿನಲ್ಲಿ. ಅದೇ ವರ್ಷ ಅವರು ಕಾರ್ಮಿಕ ಸಚಿವೆಯಾದರು. ಆಮೇಲೆ ಸಂಪುಟಕ್ಕೆ ಇನ್ನೊಬ್ಬ ಮಹಿಳೆ, ಮೋಯ್ರ ಗೇಗನ್-ಕ್ವಿನ್, ಬಂದದ್ದು 1979ರಲ್ಲಿ.